ಫ್ಲಾರೆನ್ಸ್‌ನಲ್ಲಿ ಪುಟ್ಟ ಹೋಟೆಲ್ ಆರಿಸುವುದು ಹೇಗೆ: ಯಾವ ಬಗೆ, ಯಾವ ಬೀದಿ, ಯಾವ ರೂಮು

ಫ್ಲಾರೆನ್ಸ್‌ನ ಹಳೇ ಪಟ್ಟಣದ ಪುಟ್ಟ ಹೋಟೆಲುಗಳು ಬುಕಿಂಗ್ ಆ್ಯಪ್‌ನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಮರದ ತೊಲೆಯ ಚಾವಣಿ, ಟೆರಾಕೋಟಾ ನೆಲ, ಕಿಟಕಿಯಾಚೆ ದುವೋಮೋ ಎಂಬ ಮಹಾಚರ್ಚಿನ ಕೆಂಪು ಗುಮ್ಮಟ, ಒಂಬತ್ತರ ಆಸುಪಾಸಿನ ರೇಟಿಂಗು. ಆದರೆ ಒಂದೇ ಹೋಟೆಲಿನಲ್ಲಿ ಒಂದೇ ವಾರ ಉಳಿದ ಇಬ್ಬರಲ್ಲಿ ಒಬ್ಬರು 'ಇಷ್ಟು ನೆಮ್ಮದಿಯ ಜಾಗ ಇನ್ನೊಂದಿಲ್ಲ' ಎಂದು ಬರೆದರೆ, ಇನ್ನೊಬ್ಬರು 'ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ' ಎಂದು ಬರೆದಿರುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಒಬ್ಬರಿಗೆ ಸಿಕ್ಕಿದ್ದು ಒಳಅಂಗಳದ ಕಡೆಯ ರೂಮು, ಇನ್ನೊಬ್ಬರಿಗೆ ಬಾರುಗಳ ಬೀದಿಯ ಮೇಲಿನ ರೂಮು. ಶತಮಾನಗಳ ಹಿಂದಿನ ಮನೆಗಳನ್ನು ಗೋಡೆ ಒಡೆಯದೆ ಹೋಟೆಲ್ ಮಾಡಿರುವ ಊರಿದು. ಒಂದು ರೂಮಿನ ಅಳತೆ, ಗಾಳಿ, ಬೆಳಕು ಪಕ್ಕದ ರೂಮಿಗೆ ಇರುವುದಿಲ್ಲ. ಇಂಥ ಕಡೆ ಹೋಟೆಲ್ ಆರಿಸಿದರೆ ಸಾಲದು, ಅದರೊಳಗಿನ ರೂಮನ್ನೂ ಆರಿಸಬೇಕು.

ಬೋರ್ಡಿನ ಹಿಂದೆ ಏನಿದೆ

'ಬುಟಿಕ್ ಹೋಟೆಲ್' ಎಂಬುದು ಇಟಲಿಯ ಕಾನೂನಿನಲ್ಲಿರುವ ವರ್ಗವಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಹೆಸರು. ಅದರ ಹಿಂದೆ ಸಾಮಾನ್ಯವಾಗಿ ನಾಲ್ಕು ಬಗೆಯ ವಸತಿಗಳಲ್ಲಿ ಒಂದಿರುತ್ತದೆ.

ಮೊದಲನೆಯದು 'ಆಲ್ಬೆರ್ಗೋ', ಅಂದರೆ ನಕ್ಷತ್ರಗಳಿರುವ ನಿಜವಾದ ಹೋಟೆಲು. ಟಸ್ಕನಿಯಲ್ಲಿ ಈ ಹೆಸರು ಬೇಕಾದರೆ ಕನಿಷ್ಠ 7 ರೂಮುಗಳಿರಬೇಕು. ರಿಸೆಪ್ಷನ್ನಿನಲ್ಲಿ ಜನ ಇರುತ್ತಾರೆ, ಚೆಕ್‌ಔಟ್ ಆದಮೇಲೂ ಸಂಜೆಯ ರೈಲಿನ ತನಕ ಲಗೇಜು ಇಟ್ಟುಕೊಳ್ಳುತ್ತಾರೆ. ಎರಡನೆಯದು 'ರೆಸಿಡೆನ್ಸಾ ದೇಪೊಕಾ'. ಸಂರಕ್ಷಿತ ಪಟ್ಟಿಯಲ್ಲಿರುವ ಹಳೆಯ ಪಲಾತ್ಸೋದೊಳಗೆ, ಅಂದರೆ ಮಹಲಿನೊಳಗೆ ನಡೆಯುವ, ಹೆಚ್ಚೆಂದರೆ 25 ಹಾಸಿಗೆಗಳ ವಸತಿ. ಫೋಟೋಗಳಲ್ಲಿ ಮನಸ್ಸು ಸೆಳೆಯುವ ಭಿತ್ತಿಚಿತ್ರದ ಚಾವಣಿಗಳು ಹೆಚ್ಚಾಗಿ ಇಲ್ಲಿನವು. ಮೂರನೆಯದು 'ಅಫಿತ್ತಾಕಾಮೆರೆ' ಮತ್ತು ಬಿ ಆ್ಯಂಡ್ ಬಿ: ಒಂದು ಅಪಾರ್ಟ್‌ಮೆಂಟನ್ನು ಆರು ರೂಮುಗಳ ತನಕ ವಿಂಗಡಿಸಿ ಬಾಡಿಗೆಗೆ ಕೊಡುವುದು. ನಾಲ್ಕನೆಯದು 'ಕಾಸಾ ಪೆರ್ ಫೆರಿಯೆ', ಸನ್ಯಾಸಿನಿಯರ ಮಠಗಳು ನಡೆಸುವ ಅತಿಥಿಗೃಹ.

ಮೊದಲ ಮೂರರ ನಡುವಿನ ದೊಡ್ಡ ವ್ಯತ್ಯಾಸ ಅಂದಚೆಂದದ್ದಲ್ಲ. ರಾತ್ರಿ ಹತ್ತಕ್ಕೆ ಏನಾದರೂ ಕೆಟ್ಟರೆ ಸರಿಮಾಡಲು ಯಾರಿದ್ದಾರೆ ಎಂಬುದು. ಆಲ್ಬೆರ್ಗೋದಲ್ಲಿ ಯಾರಾದರೂ ಸಿಗುತ್ತಾರೆ. ಅಫಿತ್ತಾಕಾಮೆರೆಯಲ್ಲಿ ಸಂಜೆ ಆರೇಳರ ನಂತರ ಒಂದು ಫೋನ್ ನಂಬರ್ ಮಾತ್ರ ಉಳಿಯುತ್ತದೆ. ಅಲ್ಲಿ ರಾತ್ರಿ ಕೆಡುವುದು ಸಾಮಾನ್ಯವಾಗಿ ವಿದ್ಯುತ್. ಇಟಲಿಯ ಮನೆಗಳ ವಿದ್ಯುತ್ ಸಂಪರ್ಕ ಬಹುತೇಕ 3 ಕಿಲೋವ್ಯಾಟ್‌ನದು. ಎರಡು ಕಿಲೋವ್ಯಾಟಿನ ಕೆಟಲ್, ಒಂದು ಕಿಲೋವ್ಯಾಟಿನ ಏಸಿ, ಪಕ್ಕದ ರೂಮಿನ ಹೇರ್ ಡ್ರೈಯರ್ ಒಟ್ಟಿಗೆ ಓಡಿದರೆ ಇಡೀ ಅಪಾರ್ಟ್‌ಮೆಂಟು ಕತ್ತಲಾಗುತ್ತದೆ. ಟ್ರಿಪ್ ಆದ ಮೀಟರು ನೆಲಮಾಳಿಗೆಯಲ್ಲೋ ಮುಖ್ಯ ಬಾಗಿಲ ಬಳಿಯ ಬೀರುವಿನಲ್ಲೋ ಬೀಗ ಹಾಕಿಕೊಂಡು ಕೂತಿರುತ್ತದೆ. ಊರಿಂದ ಪುಟ್ಟ ರೈಸ್ ಕುಕ್ಕರ್ ತರುವವರು ಇದನ್ನು ಗಮನಿಸಬೇಕು. ರೂಮಿನಲ್ಲಿ ಅಡುಗೆಗೆ ಬಹುತೇಕ ಕಡೆ ಅನುಮತಿಯೂ ಇಲ್ಲ.

ಬಿಸಿನೀರಿನದೂ ಇಂಥದೇ ಲೆಕ್ಕ. ಅಪಾರ್ಟ್‌ಮೆಂಟಿನ ರೂಮುಗಳಲ್ಲಿ 80 ಲೀಟರಿನ ಎಲೆಕ್ಟ್ರಿಕ್ ಬಾಯ್ಲರ್ ಸಾಮಾನ್ಯ. ತಣ್ಣೀರು ಬೆರೆಸಿದಾಗ ಅದು ಹದಿನೈದು ನಿಮಿಷದ ಶವರಿಗೆ ಆಗುತ್ತದೆ. 1.2 ಕಿಲೋವ್ಯಾಟ್ ಕಾಯಿಲ್ ಅದನ್ನು ಮತ್ತೆ ಪೂರ್ತಿ ಕಾಯಿಸಲು ಮೂರೂವರೆ ಗಂಟೆ ತೆಗೆದುಕೊಳ್ಳುತ್ತದೆ. ನಾಲ್ಕು ಜನರ ಕುಟುಂಬ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕಿಳಿದರೆ ಮೂರನೆಯವರಿಗೆ ತಣ್ಣೀರೇ. ಇಬ್ಬರು ರಾತ್ರಿ, ಇಬ್ಬರು ಬೆಳಿಗ್ಗೆ ಎಂದು ಹಂಚಿಕೊಂಡರೆ ಈ ಸಮಸ್ಯೆಯೇ ಬರುವುದಿಲ್ಲ.

ಇಷ್ಟಾದರೂ ಅಫಿತ್ತಾಕಾಮೆರೆಯನ್ನು ತಳ್ಳಿಹಾಕಬೇಕಿಲ್ಲ. ಅದೇ ದುಡ್ಡಿಗೆ ದೊಡ್ಡ ರೂಮು, ಕೆಲವೆಡೆ ಫ್ರಿಜ್ಜು ಸಿಗುತ್ತದೆ. ಊರಿನ ಬಗ್ಗೆ ಒಂದು ಗಂಟೆ ಕೂತು ಹೇಳುವ ಮನೆಯೊಡತಿ ಸಿಕ್ಕರೆ ಅದು ಯಾವ ಪಂಚತಾರಾ ಹೋಟೆಲಿನಲ್ಲೂ ಸಿಗದ ಭಾಗ್ಯ. ಹಗಲಿನಲ್ಲಿ ತಲುಪುವ, ಎರಡು-ಮೂರು ರಾತ್ರಿ ಇರುವ, ಗಟ್ಟಿಮುಟ್ಟಾದ ಇಬ್ಬರಿಗೆ ಅದೇ ಒಳ್ಳೆಯ ಆಯ್ಕೆ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ, ರಾತ್ರಿ ಒಂಬತ್ತರ ನಂತರ ತಲುಪುವುದಾದರೆ, ಮೂರು ನಕ್ಷತ್ರದ ಆಲ್ಬೆರ್ಗೋ ಹಿಡಿಯಿರಿ. ಮಠದ ಅತಿಥಿಗೃಹಗಳು ಸ್ವಚ್ಛ, ನಿಶ್ಶಬ್ದ, ಅಗ್ಗ. ಒಬ್ಬರೇ ಪ್ರಯಾಣಿಸುವ ಮಹಿಳೆಯರಿಗೆ ಬಹಳ ಹೊಂದುತ್ತವೆ. ಆದರೆ ಹಲವು ಕಡೆ ರಾತ್ರಿ ಹನ್ನೊಂದರ ಸುಮಾರಿಗೆ ಬಾಗಿಲು ಮುಚ್ಚುತ್ತಾರೆ, ಏಸಿ ಇಲ್ಲದಿರುವುದೂ ಉಂಟು.

ಯಾವ ಬಗೆಯದು ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. 2025ರ ಜನವರಿ 1ರಿಂದ ಇಟಲಿಯ ಪ್ರತಿ ವಸತಿಯೂ ರಾಷ್ಟ್ರೀಯ ಗುರುತಿನ ಸಂಕೇತವನ್ನು ಜಾಹೀರಾತಿನಲ್ಲೂ ಕಟ್ಟಡದ ಬಾಗಿಲಲ್ಲೂ ಹಾಕಲೇಬೇಕು. ಇದನ್ನು ಅಲ್ಲಿ 'ಚಿನ್' ಅನ್ನುತ್ತಾರೆ. ಫ್ಲಾರೆನ್ಸ್‌ನದು 'ಐಟಿ048017' ಎಂದು ಶುರುವಾಗುತ್ತದೆ. ಅದರ ಮುಂದಿನ ಅಕ್ಷರ 'ಎ' ಆಗಿದ್ದರೆ ಹೋಟೆಲ್ ವರ್ಗ, 'ಬಿ' ಆಗಿದ್ದರೆ ಅಫಿತ್ತಾಕಾಮೆರೆಯಂಥ ಇತರ ವಸತಿ, 'ಸಿ' ಆಗಿದ್ದರೆ ಬಾಡಿಗೆಗೆ ಬಿಟ್ಟ ಮನೆ. ಆ ಸಂಖ್ಯೆ ಎಲ್ಲೂ ಕಾಣದಿದ್ದರೆ ಅದನ್ನು ಬಿಟ್ಟು ಬೇರೆ ವಸತಿ ನೋಡಿ.

ಯಾವ ಬಡಾವಣೆ

ಹಳೇ ಪಟ್ಟಣ ಚಿಕ್ಕದು. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ನಡಿಗೆ. ಆದ್ದರಿಂದ 'ಎಲ್ಲದಕ್ಕೂ ಹತ್ತಿರ' ಎಂಬ ಮಾತು ಎಲ್ಲ ಹೋಟೆಲುಗಳಿಗೂ ಸರಿಹೊಂದುತ್ತದೆ. ನೋಡಬೇಕಾದ್ದು ಎರಡೇ: ಸೂಟ್‌ಕೇಸು ಎಳೆದುಕೊಂಡು ಹೋಗುವ ದಾರಿ, ಮತ್ತು ರಾತ್ರಿಯ ಸದ್ದು. ಬೀದಿಗಳಿಗೆ ಕಲ್ಲುಚಪ್ಪಡಿ ಹಾಸಿದ್ದಾರೆ, ಫುಟ್‌ಪಾತು ಎಷ್ಟೋ ಕಡೆ ಒಬ್ಬರೇ ನಡೆಯುವಷ್ಟು ಕಿರಿದು. 23 ಕಿಲೋದ ಪೆಟ್ಟಿಗೆ ಎರಡಿದ್ದರೆ ಒಂದು ಕಿಲೋಮೀಟರು ಬಹಳ ದೂರ.

ಸಾಂತಾ ಮರಿಯಾ ನೊವೆಲ್ಲಾ ಎಂದರೆ ರೈಲು ನಿಲ್ದಾಣ ಮತ್ತು ಅದೇ ಹೆಸರಿನ ಚರ್ಚಿನ ಸುತ್ತಲಿನ ಭಾಗ. ರೋಮ್‌ನಿಂದ ಒಂದೂವರೆ ಗಂಟೆ, ಮಿಲಾನ್‌ನಿಂದ ಎರಡು ಗಂಟೆಯ ವೇಗದ ರೈಲುಗಳು ಇಲ್ಲಿಗೇ ಬರುತ್ತವೆ. ಪೆರೆತೊಲಾ ವಿಮಾನ ನಿಲ್ದಾಣದ ಟಿ2 ಟ್ರಾಮ್ ಸುಮಾರು 20 ನಿಮಿಷದಲ್ಲಿ ತಂದುಬಿಡುತ್ತದೆ. ಒಂದೆರಡು ರಾತ್ರಿ ಇದ್ದು ಪೀಸಾ, ಸಿಯೆನಾ ಕಡೆ ಓಡಾಡುವವರಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ನಿಲ್ದಾಣಕ್ಕೆ ತೀರಾ ಅಂಟಿಕೊಂಡ ಬೀದಿಗಳಲ್ಲಿ ಗಲಾಟೆ ಹೆಚ್ಚು. ಚರ್ಚಿನ ದಕ್ಷಿಣಕ್ಕೆ ಐದು ನಿಮಿಷ ನಡೆದರೆ ಊರು ತಣ್ಣಗಾಗುತ್ತದೆ.

ದುವೋಮೋ ಮತ್ತು ಸಿನ್ಯೋರಿಯಾ ಚೌಕದ ನಡುವಿನ ಭಾಗ ಹೃದಯಭಾಗ. ನಿಲ್ದಾಣದಿಂದ ಹತ್ತು-ಹನ್ನೆರಡು ನಿಮಿಷ. ಬೆಳಿಗ್ಗೆ ಏಳಕ್ಕೆ, ಪ್ರವಾಸಿಗರು ಬರುವ ಮೊದಲು, ಖಾಲಿ ಚೌಕದಲ್ಲಿ ನಿಂತು ಬ್ರುನೆಲ್ಲೆಸ್ಕಿ ಕಟ್ಟಿದ ದುವೋಮೋದ ಗುಮ್ಮಟ ನೋಡುವ ಆಸೆಯಿದ್ದರೆ ಇಲ್ಲೇ ಇರಬೇಕು. ಅದಕ್ಕೆ ತೆರುವ ಬೆಲೆಯೂ ಇದೆ. ಗಂಟೆಗಳು ಬೆಳಿಗ್ಗೆ ಏಳರ ಸುಮಾರಿಗೆ ಮೊಳಗುತ್ತವೆ, ಅಂಗಡಿಗಳಿಗೆ ಸರಕು ತರುವ ಗಾಡಿಗಳು ಅದಕ್ಕೂ ಮೊದಲೇ ಬರುತ್ತವೆ. ರೂಮುಗಳು ಊರಿನಲ್ಲೇ ಚಿಕ್ಕವು, ಬೆಲೆ ಊರಿನಲ್ಲೇ ದೊಡ್ಡದು.

ಸಾನ್ ಲೊರೆನ್ಸೋ ಭಾಗದಲ್ಲಿ 1874ರ ಮೆರ್ಕಾತೋ ಚೆಂತ್ರಾಲೆ ಎಂಬ ಮಾರುಕಟ್ಟೆ ಇದೆ. ಕೆಳಗೆ ಹಣ್ಣು-ತರಕಾರಿ, ಮೇಲಿನ ಮಹಡಿಯಲ್ಲಿ ರಾತ್ರಿ ತನಕ ತೆರೆದಿರುವ ಊಟದ ಮಳಿಗೆಗಳು. ಮನೆಮಂದಿಯೆಲ್ಲ ಬೇರೆ ಬೇರೆ ಊಟ ಕೇಳುವವರಾದರೆ ಇದು ದೊಡ್ಡ ಅನುಕೂಲ. ಹಗಲು ಚರ್ಮದ ಅಂಗಡಿಗಳ ನೂಕುನುಗ್ಗಲು, ಬೆಳಗಾಗುವ ಮುಂಚೆ ಆ ಅಂಗಡಿಗಳ ಬಂಡಿ ಎಳೆಯುವ ಸದ್ದು.

ಸಾಂತಾ ಕ್ರೋಚೆಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಹಗಲಿನಲ್ಲಿ ಚೆಲುವಾದ ಚೌಕ, ಪಕ್ಕದಲ್ಲಿ ಊರಿನವರೇ ಹೋಗುವ ಸಾಂತಾಂಬ್ರೋಜೋ ಮಾರುಕಟ್ಟೆ. ರಾತ್ರಿಯಾದರೆ ವಿಯಾ ದೇ ಬೆಂಚಿ ಮತ್ತು ವಿಯಾ ವೆರ್ದಿಯ ಬಾರುಗಳು ಎರಡು ಗಂಟೆ ತನಕ ಬೀದಿಗೆ ಚೆಲ್ಲುತ್ತವೆ, ಅದೂ ಗುರುವಾರದಿಂದ ಶನಿವಾರ. ನಿಲ್ದಾಣದಿಂದ ಲಗೇಜಿನೊಂದಿಗೆ ಇಪ್ಪತ್ತೈದು ನಿಮಿಷ. ಇಲ್ಲಿ ಬುಕ್ ಮಾಡುವುದಾದರೆ ಚೌಕದ ಪೂರ್ವಕ್ಕೆ, ಸಾಂತಾಂಬ್ರೋಜೋ ಕಡೆಗೆ ಸರಿಯಿರಿ. ಅಲ್ಲೂ ಮಾರುಕಟ್ಟೆಯ ಚೌಕಕ್ಕೆ ಮುಖಮಾಡಿದ ರೂಮು ಬೇಡ.

ಆರ್ನೋ ನದಿಯಾಚೆಯ ಓಲ್ತ್ರಾರ್ನೋ ಒಂದೇ ಬಡಾವಣೆಯಲ್ಲ. ಸಾಂತೋ ಸ್ಪಿರಿತೋ ಚೌಕಕ್ಕೆ ಮುಖಮಾಡಿದ ರೂಮು ಬೇಸಿಗೆಯಲ್ಲಿ ಮಧ್ಯರಾತ್ರಿ ಕಳೆದರೂ ಗದ್ದಲವೇ. ಅಲ್ಲಿಂದ ಎರಡು ಓಣಿ ಆಚೆ, ಮರಗೆಲಸದವರು, ಚೌಕಟ್ಟು ಕಟ್ಟುವವರು ಇನ್ನೂ ಬಾಗಿಲು ತೆರೆದು ಕೆಲಸ ಮಾಡುವ ಬೀದಿಗಳಲ್ಲಿ ರಾತ್ರಿ ಹತ್ತಕ್ಕೆ ಹೆಜ್ಜೆ ಸದ್ದೂ ಇಲ್ಲ. ಮೂರು ರಾತ್ರಿಗಿಂತ ಹೆಚ್ಚು ಇರುವವರಿಗೆ ನಮ್ಮ ಮೊದಲ ಆಯ್ಕೆ ಇದೇ. ದಿನವೂ ಸೇತುವೆ ದಾಟಿ ಹೋಗಿ ಬರುವಾಗ ಊರು ಪರಿಚಯವಾಗುತ್ತದೆ, ಅದೇ ಬೆಲೆಗೆ ರೂಮೂ ದೊಡ್ಡದು ಸಿಗುತ್ತದೆ. ಬೆಟ್ಟದ ಬುಡದ ಸಾನ್ ನಿಕ್ಕೊಲೋ ಇನ್ನೂ ಚೆಂದ, ಆದರೆ ನಿಲ್ದಾಣದಿಂದ ದೂರ. ಲಗೇಜಿದ್ದರೆ ಟ್ಯಾಕ್ಸಿ ಬೇಕೇ ಬೇಕು.

ಸಾನ್ ಮಾರ್ಕೊ ಮತ್ತು ಸಾಂತಿಸ್ಸಿಮಾ ಅನ್ನುನ್ಸಿಯಾತಾ ಭಾಗದ ಹೆಸರು ಪ್ರವಾಸಿಗರ ಬಾಯಲ್ಲಿ ಕಡಿಮೆ. ವಿಶ್ವವಿದ್ಯಾಲಯ, ಅಕಾದೆಮಿಯಾ ಗ್ಯಾಲರಿ, ಅಗಲವಾದ ಬೀದಿಗಳು, ರಾತ್ರಿ ಶಾಂತಿ. ವಿಮಾನ ನಿಲ್ದಾಣದ ಟ್ರಾಮ್ ಈಗ ಸಾನ್ ಮಾರ್ಕೊ ಚೌಕದ ತನಕ ಬರುತ್ತದೆ. ಹಿರಿಯರಿರುವ ಕುಟುಂಬಕ್ಕೆ ಇದನ್ನು ಧೈರ್ಯವಾಗಿ ಹೇಳಬಹುದು.

ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ಕಾರಿನಲ್ಲಿ ಬರುವ ನಮ್ಮವರಿಗೆ ಒಂದು ಮಾತು. ಹಳೇ ಪಟ್ಟಣ ಪೂರ್ತಿ 'ಜೆಡ್‌ಟಿಎಲ್', ಅಂದರೆ ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯ. ವಾರದ ದಿನ ಬೆಳಿಗ್ಗೆ 7:30ರಿಂದ ರಾತ್ರಿ 8, ಶನಿವಾರ ಸಂಜೆ 4ರ ತನಕ. ಬೇಸಿಗೆಯಲ್ಲಿ ವಾರಾಂತ್ಯದ ರಾತ್ರಿಗಳಲ್ಲೂ ನಿರ್ಬಂಧವಿದೆ. ಕ್ಯಾಮೆರಾ ಪ್ರತಿ ಪ್ರವೇಶವನ್ನೂ ಬೇರೆ ಬೇರೆಯಾಗಿ ದಾಖಲಿಸುತ್ತದೆ. ದಾರಿತಪ್ಪಿ ಮೂರು ಸಲ ಒಳಹೊಕ್ಕರೆ ಮೂರು ದಂಡ, ಅದೂ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಲಗೇಜು ಇಳಿಸಲು ಒಳಹೋಗಬೇಕಿದ್ದರೆ ಗಾಡಿ ನಂಬರನ್ನು ಹೋಟೆಲಿನವರು ನೋಂದಾಯಿಸಬೇಕು. 'ಮಾಡುತ್ತೇವೆ' ಎಂಬ ಉತ್ತರ ಲಿಖಿತವಾಗಿ ಬರುವ ತನಕ ಒಳಗೆ ಹೋಗಬೇಡಿ. ಇನ್ನೂ ಒಳ್ಳೆಯದು, ಹೆದ್ದಾರಿ ಪಕ್ಕದ ವಿಲ್ಲಾ ಕೊಸ್ತಾನ್ಸಾದಲ್ಲಿ ಕಾರು ನಿಲ್ಲಿಸಿ ಟಿ1 ಟ್ರಾಮ್ ಹತ್ತುವುದು.

ವಿಳಾಸ ಹುಡುಕುವಾಗ ಇನ್ನೊಂದು ತೊಡಕಿದೆ. ಫ್ಲಾರೆನ್ಸ್‌ನಲ್ಲಿ ಒಂದೇ ಬೀದಿಗೆ ಎರಡು ಸಾಲು ನಂಬರುಗಳಿವೆ. ಅಂಗಡಿ, ರೆಸ್ಟೋರೆಂಟುಗಳಿಗೆ ಕೆಂಪು ನಂಬರು, ಮನೆಗಳಿಗೆ ನೀಲಿ ಅಥವಾ ಕಪ್ಪು. ಕೆಂಪಿನ 24 ಮತ್ತು ನೀಲಿಯ 24 ಬೀದಿಯ ಬೇರೆ ಬೇರೆ ತುದಿಗಳಲ್ಲಿರಬಹುದು. ವಿಳಾಸದ ಅಂಕಿಯ ಜೊತೆ 'ಆರ್' ಇದ್ದರೆ ಕೆಂಪು. ಮಹಡಿಯ ಮೇಲಿನ ಪುಟ್ಟ ಹೋಟೆಲುಗಳು ಹೆಚ್ಚಾಗಿ ನೀಲಿ ನಂಬರಿನ ದೊಡ್ಡ ಮರದ ಬಾಗಿಲ ಹಿಂದಿರುತ್ತವೆ. ಹೊರಗೆ ಒಂದು ಹಿತ್ತಾಳೆಯ ಗಂಟೆಗುಂಡಿ, ಅದರ ಪಕ್ಕ ಅಂಗೈಯಷ್ಟು ಫಲಕ, ಅಷ್ಟೇ.

ಮೆಟ್ಟಿಲು, ಲಿಫ್ಟು

ಅತಿಥಿಗಳ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ, ಮತ್ತು ಮುಂಚೆಯೇ ಲೆಕ್ಕಹಾಕಬಹುದಾದ ವಿಷಯವೂ ಇದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಹಡಿಯಿಂದ ಮಹಡಿಗೆ ಸುಮಾರು ಮೂರು ಮೀಟರ್, ಹದಿನೆಂಟು ಮೆಟ್ಟಿಲು. ಹಳೆಯ ಪಲಾತ್ಸೋಗಳಲ್ಲಿ ನಾಲ್ಕೂವರೆ-ಐದು ಮೀಟರ್. ಒಂದು ಮೆಟ್ಟಿಲು 17 ಸೆಂಟಿಮೀಟರ್ ಎಂದರೂ ಮಹಡಿಗೆ 27ರಿಂದ 30 ಮೆಟ್ಟಿಲು. 'ಮೂರನೇ ಮಹಡಿ' ಎಂದರೆ ಎಂಬತ್ತರಿಂದ ತೊಂಬತ್ತು. ನಮ್ಮ ಐದನೇ ಮಹಡಿ ಹತ್ತಿದ ಹಾಗೆ. ಮೆಟ್ಟಿಲು ಕಲ್ಲಿನವು, ನಡುಭಾಗ ಸವೆದು ತಗ್ಗಾಗಿರುತ್ತವೆ. ಕೆಲವೆಡೆ ಕೈಹಿಡಿಯೂ ಇರುವುದಿಲ್ಲ.

'ಲಿಫ್ಟ್ ಇದೆ' ಎಂಬ ಟಿಕ್ ಗುರುತನ್ನೂ ಪೂರ್ತಿ ನಂಬಬೇಡಿ. ಮೆಟ್ಟಿಲ ನಡುವಿನ ಖಾಲಿ ಜಾಗಕ್ಕೆ ಆಮೇಲೆ ತೂರಿಸಿದ ಲಿಫ್ಟುಗಳಿವು. ಎರಡು-ಮೂರು ಜನ ಹಿಡಿಸುತ್ತಾರೆ, ಬಾಗಿಲು ಅರವತ್ತು ಸೆಂಟಿಮೀಟರಿನ ಸುತ್ತಮುತ್ತ. ದೊಡ್ಡ ಪೆಟ್ಟಿಗೆ ಒಂದೇ ಹೋಗಬೇಕು, ನೀವು ನಡೆದು ಹತ್ತಬೇಕು. ಗಾಲಿಕುರ್ಚಿ ಹಿಡಿಸುವುದಿಲ್ಲ. ಎಷ್ಟೋ ಕಟ್ಟಡಗಳಲ್ಲಿ ಲಿಫ್ಟು ಶುರುವಾಗುವುದೇ ಹತ್ತಾರು ಮೆಟ್ಟಿಲು ಹತ್ತಿದ ಮೇಲೆ. ಮಂಡಿನೋವಿರುವವರು ಜೊತೆಗಿದ್ದರೆ ಕೇಳಬೇಕಾದ ಪ್ರಶ್ನೆ 'ಲಿಫ್ಟ್ ಇದೆಯೇ' ಎಂಬುದಲ್ಲ. 'ಬೀದಿಯಿಂದ ರೂಮಿನ ಬಾಗಿಲ ತನಕ ಒಟ್ಟು ಎಷ್ಟು ಮೆಟ್ಟಿಲು' ಎಂಬುದು. ರೂಮಿನೊಳಗೂ ಬಾತ್‌ರೂಮಿಗೆ ಎರಡು ಮೆಟ್ಟಿಲು ಹತ್ತಬೇಕಾಗುವುದು ಇಲ್ಲಿ ಸಾಮಾನ್ಯ, ಏಕೆಂದರೆ ಹಳೆಯ ನೆಲವನ್ನು ಅಗೆಯದೆ ಕೊಳವೆ ಎಳೆಯಲು ನೆಲವನ್ನೇ ಎತ್ತರಿಸಿರುತ್ತಾರೆ.

ರೂಮನ್ನು ಆರಿಸುವಾಗ

ಬೀದಿ ಕಡೆಯೋ ಅಂಗಳದ ಕಡೆಯೋ ಎಂಬುದೇ ಮೊದಲ ತೀರ್ಮಾನ. ಬೀದಿ ಕಡೆ ಬೆಳಕು, ನೋಟ, ಜೊತೆಗೆ ಸದ್ದು. ಸಂರಕ್ಷಿತ ಕಟ್ಟಡದಲ್ಲಿ ಕಿಟಕಿ ಬದಲಿಸಲು ಪುರಾತತ್ವದವರ ಒಪ್ಪಿಗೆ ಬೇಕಾದ್ದರಿಂದ ಹಳೆಯ ಒಂಟಿಗಾಜಿನ ಕಿಟಕಿಗಳು ಇನ್ನೂ ಉಳಿದಿವೆ. ಅಂಗಳದ ಕಡೆ ನಿಶ್ಶಬ್ದ, ಆದರೆ ಕಿಟಕಿ ತೆರೆದರೆ ಎದುರು ಗೋಡೆ. ಅಲ್ಲೂ ಒಂದು ವಿಷಯ ವಿಚಾರಿಸಬೇಕು. ಬೀದಿಗೆ ಕಾಣುವಂತೆ ಏಸಿಯ ಹೊರಯಂತ್ರ ಹಾಕಲು ಬಿಡುವುದಿಲ್ಲವಾದ್ದರಿಂದ ಎಲ್ಲವನ್ನೂ ಅಂಗಳದಲ್ಲೇ ತೂಗುಹಾಕಿರುತ್ತಾರೆ. ಜುಲೈ ರಾತ್ರಿ ಎಂಟು-ಹತ್ತು ಯಂತ್ರಗಳು ಒಟ್ಟಿಗೆ ಗುಂಯ್‌ಗುಡುವ ಕೆಳ ಅಂಗಳಕ್ಕಿಂತ ಎರಡನೇ ಮಹಡಿಯ ಬೀದಿಯೇ ವಾಸಿ. ಆರ್ನೋ ನದಿಯ ಕಡೆಯ ರೂಮಿನ ನೋಟ ದುಡ್ಡಿಗೆ ತಕ್ಕದ್ದೇ, ಆದರೆ ದಂಡೆಯ ರಸ್ತೆಯಲ್ಲಿ ವಾಹನಗಳಿವೆ, ಬೇಸಿಗೆಯಲ್ಲಿ ಸೊಳ್ಳೆಯಿದೆ, ಕಿಟಕಿಗೆ ಜಾಲರಿ ಅಪರೂಪ.

ಇನ್ನು ಏಸಿ. ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ಊರಾದ್ದರಿಂದ ಜುಲೈ-ಆಗಸ್ಟಿನಲ್ಲಿ ಗಾಳಿಯಾಡುವುದಿಲ್ಲ, ಕೆಲವು ದಿನ 38 ಡಿಗ್ರಿ ದಾಟುತ್ತದೆ. ಆಗ ಏಸಿ ಬಹುತೇಕ ಎಲ್ಲ ಕಡೆ ಓಡುತ್ತಿರುತ್ತದೆ. ಗೊಂದಲ ಇರುವುದು ಏಪ್ರಿಲ್, ಮೇ ಮೊದಲ ವಾರ ಮತ್ತು ಅಕ್ಟೋಬರಿನಲ್ಲಿ. ಅನೇಕ ಹೋಟೆಲುಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಜೊತೆ ಕೊಳವೆ. ಚಳಿಗಾಲದಲ್ಲಿ ಅದರಲ್ಲಿ ಬಿಸಿನೀರು, ಬೇಸಿಗೆಯಲ್ಲಿ ತಣ್ಣೀರು. ವರ್ಷಕ್ಕೆ ಎರಡು ಸಲ ಮಾತ್ರ ಬದಲಿಸುತ್ತಾರೆ. ಬದಲಿಸುವ ಮೊದಲು ಸೆಕೆ ಬಂದರೆ ರಿಮೋಟಿನಲ್ಲಿ 18 ಇಟ್ಟರೂ ಬರುವುದು ಬರೀ ಫ್ಯಾನಿನ ಗಾಳಿ. ಅತಿಥಿಗಳು 'ಏಸಿ ಕೆಟ್ಟಿತ್ತು' ಎಂದು ಬರೆಯುತ್ತಾರೆ; ಅದು ಕೆಟ್ಟಿರುವುದಿಲ್ಲ. ಗೋಡೆಯಲ್ಲಿ ಪ್ರತ್ಯೇಕ ಸ್ಪ್ಲಿಟ್ ಯಂತ್ರವಿರುವ ರೂಮಿಗೆ ಈ ತೊಂದರೆಯಿಲ್ಲ. ಚಳಿಯ ಲೆಕ್ಕ ಬೇರೆ: ವಸತಿ ಕಟ್ಟಡಗಳ ಸಾಮೂಹಿಕ ಹೀಟಿಂಗ್ ಇಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ತನಕ ಮಾತ್ರ, ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಅಕ್ಟೋಬರ್ ಕೊನೆಯಲ್ಲಿ ಮಕ್ಕಳ ಜೊತೆ ಅಫಿತ್ತಾಕಾಮೆರೆಗೆ ಹೋಗುವವರು ಹೆಚ್ಚುವರಿ ಹೊದಿಕೆಯನ್ನು ಮೊದಲೇ ಕೇಳಿಡಬೇಕು.

ಅಳತೆಯ ಬಗ್ಗೆ: ಜೋಡಿ ರೂಮಿಗೆ 14 ಚದರ ಮೀಟರ್, ಅಂದರೆ 150 ಚದರಡಿ, ಎಂಬುದು ಇಟಲಿಯ ವಾಡಿಕೆಯ ಮಾನದಂಡ. ಹಳೆಯ ಕಟ್ಟಡಗಳಲ್ಲಿ ಅದಕ್ಕಿಂತ ಕಡಿಮೆಯೂ ಸಿಗುತ್ತದೆ. ಎರಡು ದೊಡ್ಡ ಪೆಟ್ಟಿಗೆ ಬಿಚ್ಚಿಡಲು 16 ಚದರ ಮೀಟರ್ ಬೇಕು. 'ಮತ್ರಿಮೊನಿಯಾಲೆ' ಅಂದರೆ ಜೋಡಿ ಹಾಸಿಗೆ, ಸಾಮಾನ್ಯವಾಗಿ 160 ಸೆಂಟಿಮೀಟರ್ ಅಗಲ. 'ಆಲ್ಲಾ ಫ್ರಾಂಚೇಸೆ' ಎಂದಿದ್ದರೆ ಬರೀ 140. ಇಬ್ಬರು ದೊಡ್ಡವರಿಗೆ ಅದು ಇಕ್ಕಟ್ಟು. ಮೂರು-ನಾಲ್ಕು ಜನರ ರೂಮುಗಳಲ್ಲಿ ಮೂರನೆಯ ಹಾಸಿಗೆ ಎಂದರೆ ಸೋಫಾವೋ ನಿಜವಾದ ಮಂಚವೋ ಕೇಳಿ. ಹದಿನೈದರ ಹುಡುಗನನ್ನು ಸೋಫಾದ ಮೇಲೆ ಮಲಗಿಸಿದರೆ ಮರುದಿನ ಉಫೀತ್ಸಿ ಗ್ಯಾಲರಿಯಲ್ಲಿ ನಿಲ್ಲಲಾಗದೆ ಮುನಿಸಿಕೊಳ್ಳುತ್ತಾನೆ.

ಬಾತ್‌ರೂಮಿನಲ್ಲಿ ನಮ್ಮವರಿಗೆ ಸಮಾಧಾನದ ಸಂಗತಿ 'ಬಿದೆ', ಅಂದರೆ ಶೌಚದ ನಂತರ ತೊಳೆದುಕೊಳ್ಳಲು ಇರುವ ತಗ್ಗಿನ ಬೇಸಿನ್. ಇಟಲಿಯ ಮನೆಗಳಿಗೆ ಅದು 1975ರಿಂದ ಕಾನೂನಿನ ಪ್ರಕಾರ ಕಡ್ಡಾಯ. ಹೋಟೆಲುಗಳಲ್ಲೂ ಬಹುತೇಕ ಇರುತ್ತದೆ. ಸ್ಥಳದ ಅಭಾವವಿದ್ದಲ್ಲಿ ಗೋಡೆಗೆ ಕೈಶವರ್ ಹಾಕಿರುತ್ತಾರೆ. ಶವರ್ ಪಕ್ಕ ತೂಗುವ ತೆಳ್ಳನೆಯ ದಾರ ಲೈಟಿನದಲ್ಲ, ತುರ್ತು ಅಲಾರಂನದು. ಎಳೆದರೆ ಸಿಬ್ಬಂದಿ ಓಡಿಬರುತ್ತಾರೆ. ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ನೇರ ಹಿಡಿಸುತ್ತದೆ, ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್ಗಿಗೆ ಅಡಾಪ್ಟರ್ ಬೇಕು.

ಬೆಳಗಿನ ತಿಂಡಿ, ಸಸ್ಯಾಹಾರ

ಬೆಲೆಯಲ್ಲಿ ತಿಂಡಿ ಸೇರಿದೆ ಎಂದಾಗ ಅದು ಮೂರರಲ್ಲಿ ಒಂದಾಗಿರಬಹುದು. ಆಲ್ಬೆರ್ಗೋದ ಬಫೆ: ಬ್ರೆಡ್ಡು, ಚೀಸು, ಹಣ್ಣು, ಮೊಸರು, ಮೊಟ್ಟೆ, ಹಂದಿಮಾಂಸದ ತೆಳುಹೋಳುಗಳು ಒಂದೇ ಮೇಜಿನ ಮೇಲೆ. ಅಫಿತ್ತಾಕಾಮೆರೆಯ ಪೊಟ್ಟಣದ ಬಿಸ್ಕತ್ತು ಮತ್ತು ಕಾಫಿ ಯಂತ್ರ. ಅಥವಾ ಕೆಳಗಿನ ಬಾರಿಗೆ (ಇಟಲಿಯಲ್ಲಿ ಕಾಫಿ ಅಂಗಡಿಗೂ ಬಾರ್ ಅನ್ನುತ್ತಾರೆ) ಒಂದು ಚೀಟಿ, ಅದಕ್ಕೆ ಒಂದು ಕ್ಯಾಪುಚಿನೋ, ಒಂದು ಕೊರ್ನೆತ್ತೋ, ಅಂದರೆ ಕ್ರೊಯ್ಸಾನ್‌ನಂಥ ಬನ್ನು. ಹೊಟ್ಟೆತುಂಬ ತಿಂದು ಹೊರಡುವ ಅಭ್ಯಾಸದವರು ಮೊದಲನೆಯದಕ್ಕೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇಲ್ಲವಾದರೆ ತಿಂಡಿಯಿಲ್ಲದ ದರ ತೆಗೆದುಕೊಂಡು ಬಾರಿನ ಕೌಂಟರಿನಲ್ಲಿ ನಿಂತು ಕುಡಿಯಿರಿ. ಅದೇ ಕಾಫಿಗೆ ಕೂತರೆ ಎರಡು-ಮೂರು ಪಟ್ಟು ಬೆಲೆಯಾಗಬಹುದು.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಕಣ್ಣಿಗೆ ಕಾಣದ ಮೂರು ವಸ್ತುಗಳಿವೆ. ಪಾರ್ಮಿಜಾನೋ ಮತ್ತು ಗ್ರಾನಾ ಪದಾನೋ ಚೀಸುಗಳನ್ನು ಕರುವಿನ ಜಠರದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಸ್ಕಿಯಾಚ್ಚಾತಾದಂಥ ರೊಟ್ಟಿಗೆ, ಕೆಲವು ಪಫ್‌ಗಳಿಗೆ ಹಂದಿಕೊಬ್ಬು ಹಾಕುವುದುಂಟು. 'ಸ್ತ್ರುತ್ತೋ' ಇದೆಯೇ ಎಂದು ಕೇಳಿ. ಕೊರ್ನೆತ್ತೋದಲ್ಲಿ ಮೊಟ್ಟೆ ಇರುತ್ತದೆ. ಟಸ್ಕನಿಯ ಸಾದಾ ಬ್ರೆಡ್ಡಿನಲ್ಲಿ ಉಪ್ಪೂ ಇಲ್ಲ, ಕೊಬ್ಬೂ ಇಲ್ಲ, ಅದು ನಿಶ್ಚಿಂತೆ. ಮಾಂಸ, ಮೀನು, ಮೊಟ್ಟೆ ಬೇಡ ಎನ್ನಲು 'ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ, ಸೆನ್ಸಾ ಉವೋವಾ' ಎಂದರೆ ಸಾಕು. ಹತ್ತು ರೂಮಿನ ಹೋಟೆಲಿನ ದೊಡ್ಡ ಗುಣ ಇಲ್ಲಿ ಕಾಣುತ್ತದೆ: ಎರಡು ದಿನ ಮೊದಲು ತಿಳಿಸಿದರೆ ನಿಮಗೆಂದೇ ಹಣ್ಣು, ಟೊಮೆಟೊ, ಬೆಣ್ಣೆ ಬೇರೆ ತಟ್ಟೆಯಲ್ಲಿ ತೆಗೆದಿಡುತ್ತಾರೆ. ರೂಮಿನಲ್ಲಿ ಕೆಟಲ್ ಇಲ್ಲದಿದ್ದರೂ 'ಆಕ್ವಾ ಕಾಲ್ದಾ' ಕೇಳಿದರೆ ಬಿಸಿನೀರು ಕೊಡುತ್ತಾರೆ. ಒಣ ಉಪ್ಪಿಟ್ಟಿನ ಪೊಟ್ಟಣ ತಂದವರಿಗೆ ಅಷ್ಟು ಸಾಕು. ನಲ್ಲಿ ನೀರನ್ನು ಧಾರಾಳವಾಗಿ ಕುಡಿಯಬಹುದು.

ದುಡ್ಡು, ಕಾಗದ

ಆ್ಯಪ್‌ನಲ್ಲಿ ಕಾಣುವ ಬೆಲೆಯ ಮೇಲೆ ನಗರ ತೆರಿಗೆ ಬೇರೆ. 2023ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ತಲೆಗೆ, ರಾತ್ರಿಗೆ, ಒಂದು ನಕ್ಷತ್ರಕ್ಕೆ 3.50 ಯೂರೋ, ಎರಡಕ್ಕೆ 4.50, ಮೂರಕ್ಕೆ 6, ನಾಲ್ಕಕ್ಕೆ 7, ಐದಕ್ಕೆ 8. ಏಳು ರಾತ್ರಿಗಳ ತನಕ ಮಾತ್ರ, 12ರೊಳಗಿನ ಮಕ್ಕಳಿಗೆ ಇಲ್ಲ. ಮೂರು ನಕ್ಷತ್ರದ ಹೋಟೆಲಿನಲ್ಲಿ ನಾಲ್ವರು ದೊಡ್ಡವರು ನಾಲ್ಕು ರಾತ್ರಿ ಇದ್ದರೆ 96 ಯೂರೋ. ಇದನ್ನು ಹೋಟೆಲಿನಲ್ಲೇ ಕಟ್ಟಬೇಕು, ಚಿಕ್ಕ ಕಡೆಗಳಲ್ಲಿ ನಗದೇ ಕೇಳುತ್ತಾರೆ. ಹೊರಡುವ ಮುನ್ನ ಈಗಿನ ದರ ಒಮ್ಮೆ ನೋಡಿಕೊಳ್ಳಿ.

ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್-ಅಕ್ಟೋಬರ್ ದುಬಾರಿ. ಜನವರಿ ಮತ್ತು ಜೂನ್‌ನಲ್ಲಿ ಪಿತ್ತಿ ಉವೋಮೋ ಎಂಬ ಉಡುಪು ಮೇಳ ನಡೆಯುವ ದಿನಗಳಲ್ಲಿ ರೂಮೇ ಸಿಗುವುದಿಲ್ಲ. ಅಗ್ಗದ ಜನವರಿ ಅಂದುಕೊಂಡವರಿಗೆ ಇದರಿಂದ ಆಶ್ಚರ್ಯ ಕಾದಿರುತ್ತದೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರ ಮತ್ತು ಫೆಬ್ರವರಿಯಲ್ಲಿ ಒಳ್ಳೆಯ ರೂಮು ಕೈಗೆಟಕುತ್ತದೆ.

ಷೆಂಗೆನ್ ವೀಸಾ ಅರ್ಜಿಗೆ ಪ್ರತಿ ರಾತ್ರಿಯ ವಸತಿಯ ದೃಢೀಕರಣ ಬೇಕು. ಆದ್ದರಿಂದ ವೀಸಾ ಕೈಗೆ ಬರುವ ತನಕ ಉಚಿತ ರದ್ದತಿಯ ದರವನ್ನೇ ಹಿಡಿಯಿರಿ. ಹತ್ತು-ಹದಿನೈದು ಪ್ರತಿಶತ ಉಳಿಸಲು 'ಹಣ ವಾಪಸ್ಸಿಲ್ಲ' ದರ ತೆಗೆದುಕೊಂಡು ವೀಸಾ ತಡವಾದರೆ ಇಡೀ ಮೊತ್ತ ಹೋಗುತ್ತದೆ. ಬುಕಿಂಗಿನಲ್ಲಿ ಎಲ್ಲರ ಹೆಸರೂ ಪಾಸ್‌ಪೋರ್ಟಿನಂತೆಯೇ ಇರಲಿ. ಚೆಕ್‌ಇನ್‌ನಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ಕೇಳುವುದು ಕಾನೂನು. 24 ಗಂಟೆಯೊಳಗೆ ವಿವರ ಪೊಲೀಸರಿಗೆ ಹೋಗಬೇಕು. ಬೇರೆ ಷೆಂಗೆನ್ ದೇಶದ ಮೂಲಕ ಇಟಲಿಗೆ ಬಂದ ನಮ್ಮಂಥವರು ಎಂಟು ದಿನದೊಳಗೆ ಕೊಡಬೇಕಾದ ಹಾಜರಿ ಘೋಷಣೆಯ ಜಾಗದಲ್ಲಿ ಈ ನೋಂದಣಿಯೇ ಸಲ್ಲುತ್ತದೆ. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಅತಿಥಿಗಳ ಅನಿಸಿಕೆ ಓದುವ ಬಗೆ

ಒಟ್ಟು ಅಂಕಿ ಬಿಡಿ, ದೂರುಗಳನ್ನು ಎರಡು ಗುಂಪು ಮಾಡಿ. ಕಟ್ಟಡದ ದೂರು (ಮೆಟ್ಟಿಲು, ತೆಳು ಗೋಡೆ, ಕತ್ತಲೆ ಕೋಣೆ, ಚರಂಡಿ ವಾಸನೆ) ಹತ್ತು ವರ್ಷ ಹಿಂದಿನದಾದರೂ ಇಂದಿಗೂ ನಿಜ. ಜನರ ದೂರು ಅಥವಾ ಹೊಗಳಿಕೆ (ಸ್ವಾಗತ, ಸ್ವಚ್ಛತೆ, ತಿಂಡಿ) ಒಂದು ವರ್ಷಕ್ಕಿಂತ ಹಳೆಯದಾದರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಪುಟ್ಟ ಹೋಟೆಲಿನಲ್ಲಿ ಒಬ್ಬರು ಬಿಟ್ಟುಹೋದರೂ ಎಲ್ಲ ಬದಲಾಗುತ್ತದೆ. ನೀವು ಹೋಗುವ ತಿಂಗಳಿನಲ್ಲೇ ಉಳಿದವರ ಅನಿಸಿಕೆ ಹುಡುಕಿ. ಫೆಬ್ರವರಿಯವರ 'ಬಹಳ ಶಾಂತ' ಎಂಬ ಮಾತು ಜೂನ್‌ಗೆ ಹೊಂದುವುದಿಲ್ಲ. ರೂಮಿನ ನಂಬರ್ ಹೇಳಿರುವ ಅನಿಸಿಕೆ ಸಿಕ್ಕರೆ ಬರೆದಿಟ್ಟುಕೊಳ್ಳಿ. ಮಾಲೀಕರ ಉತ್ತರವನ್ನೂ ಓದಿ: 'ಆ ರೂಮಿನ ಕಿಟಕಿ ಬದಲಿಸಿದ್ದೇವೆ' ಎನ್ನುವವರ ಹತ್ತಿರ ಹೋಗಿ, ಅತಿಥಿಯ ಮೇಲೇ ತಪ್ಪು ಹೊರಿಸುವವರ ಹತ್ತಿರ ಬೇಡ.

ಆಮೇಲೆ ಎರಡು-ಮೂರು ಹೋಟೆಲುಗಳಿಗೆ ಒಂದೇ ಚಿಕ್ಕ ಇಮೇಲ್ ಕಳಿಸಿ. ನಮಗೆ ಕೊಡುವ ರೂಮು ಯಾವುದು, ಅದರ ಕಿಟಕಿ ಬೀದಿಗೋ ಅಂಗಳಕ್ಕೋ? ಬೀದಿಯಿಂದ ಅಲ್ಲಿಗೆ ಎಷ್ಟು ಮೆಟ್ಟಿಲು? ನಾವು ಇರುವ ದಿನಗಳಲ್ಲಿ ಏಸಿ ತಣ್ಣಗೆ ಓಡುತ್ತದೆಯೇ? ರಾತ್ರಿ ಎಷ್ಟು ಹೊತ್ತಿನ ತನಕ ಯಾರಿರುತ್ತಾರೆ? ಮೊಟ್ಟೆ-ಮಾಂಸವಿಲ್ಲದ ತಿಂಡಿ ಏನಿರುತ್ತದೆ? ಐದಕ್ಕೂ ನೇರ ಉತ್ತರ ಕೊಟ್ಟವರನ್ನು ಆರಿಸಿ, ಬೆಲೆ ಇಪ್ಪತ್ತು ಯೂರೋ ಹೆಚ್ಚಾದರೂ ಸರಿ. 'ಎಲ್ಲ ರೂಮುಗಳೂ ಸುಂದರವಾಗಿವೆ' ಎಂದಷ್ಟೇ ಬರೆದವರಿಗೆ ನಿಮ್ಮ ಪ್ರಶ್ನೆಯ ಕಡೆ ಗಮನವಿಲ್ಲ. ಬಂದ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಚೆಕ್‌ಇನ್‌ನಲ್ಲಿ ತೋರಿಸಲು ಬೇಕಾಗುತ್ತದೆ.

ರೂಮಿಗೆ ಹೊಕ್ಕ ಕೂಡಲೇ, ಪೆಟ್ಟಿಗೆ ತೆರೆಯುವ ಮುನ್ನ, ಏಸಿ ಹಾಕಿ ಐದು ನಿಮಿಷ ಬಿಡಿ, ಬಿಸಿನೀರು ಬಿಡಿ, ಕಿಟಕಿ ಮುಚ್ಚಿ ಕಿವಿಗೊಡಿ, ಶವರಿನ ತೂತಿನ ಬಳಿ ಬಗ್ಗಿ ವಾಸನೆ ನೋಡಿ. ಹಳೆಯ ಕೊಳವೆಗಳಲ್ಲಿ ನೀರಿನ ತಡೆ ಒಣಗಿದರೆ ಚರಂಡಿ ವಾಸನೆ ಬರುತ್ತದೆ; ಎರಡು ಲೋಟ ನೀರು ಸುರಿದು ಹತ್ತು ನಿಮಿಷ ಕಾದರೆ ಅದು ಹೆಚ್ಚಾಗಿ ಹೋಗುತ್ತದೆ, ಹೋಗದಿದ್ದರೆ ಕೊಳವೆಯದೇ ದೋಷ. ಬೇರೆ ರೂಮು ಬೇಕಿದ್ದರೆ ಆಗಲೇ ಕೇಳಬೇಕು. ಮಧ್ಯಾಹ್ನ ಮೂರಕ್ಕೆ ಹತ್ತರಲ್ಲಿ ಒಂದೆರಡು ರೂಮು ಖಾಲಿ ಇರುವ ಸಾಧ್ಯತೆ ಇದೆ. ರಾತ್ರಿ ಎಂಟಕ್ಕೆ ಎಲ್ಲವೂ ತುಂಬಿರುತ್ತವೆ, ಕೊಡುವ ಮನಸ್ಸಿದ್ದರೂ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.